ಚಿಕ್ಕಗಂಗಮ್ಮನ ಹರಕೆ

ಬಟವಾಡಿಯ ಸಣ್ಣ ಕ್ಲಿನಿಕ್ಕೊಂದರಲ್ಲಿ ನೆಲ ಒರೆಸುವ ಚಿಕ್ಕಗಂಗಮ್ಮನಿಗೆ ಒಂದು ಚಿರತೆಯ ಮೇಲೆ ಹಗೆ ಇತ್ತು. ಅವಳ ಅಕ್ಕ ಕಲ್ಲಮ್ಮ ಹುತ್ರಿದುರ್ಗದ ತಪ್ಪಲಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಾಗ ಅದು ಹಿಂದಿನಿಂದ ಬಂದು ಕುತ್ತಿಗೆಗೆ ಬಾಯಿ ಹಾಕಿತ್ತು. ತಾಯಿ ಸತ್ತ ಮೇಲೆ ತಂಗಿಗೆ ತಲೆ ಬಾಚಿ, ಮುದ್ದೆ ನುಂಗಿಸಿ, ಮದುವೆ ಮಾಡಿ ಕಳಿಸಿದವಳು ಕಲ್ಲಮ್ಮ. ಸುದ್ದಿ ಕೇಳಿ ಓಡಿಬಂದ ಚಿಕ್ಕಗಂಗಮ್ಮನಿಗೆ ಅಕ್ಕನ ಪಾದ ಮಾತ್ರ ತೋರಿಸಿದರು. ಮುಖದ ಮೇಲಿನ ಬಟ್ಟೆ ತೆಗೆಯಲು ಯಾರೂ ಬಿಡಲಿಲ್ಲ.

ಹನ್ನೆರಡನೇ ದಿನ ಚಿರತೆ ಬೋನಿಗೆ ಬಿತ್ತು. ಎಡಗಿವಿ ಅರ್ಧ ಹರಿದ ಗಂಡು. ಕೊಂದದ್ದು ಇದೇ ಎಂದು ಅರಣ್ಯ ಇಲಾಖೆಯವರು ತಪ್ಪಲಲ್ಲಿ ಕಟ್ಟಿದ್ದ ಕ್ಯಾಮೆರಾದ ಫೋಟೋ ನೋಡಿ ಹೇಳಿದರು. ಚಿಕ್ಕಗಂಗಮ್ಮ ದೊಣ್ಣೆ ಹಿಡಿದು ನುಗ್ಗಿದಳು; ನಾಲ್ಕು ಜನ ಹಿಡಿದುಕೊಂಡರು.

"ಬುಡವ್ವ, ಮೂಕಪ್ರಾಣಿ. ಅದ್ಕೇನ್ ಗೊತ್ತಾಯ್ತದೆ?" ಎಂದರು ಊರಿನ ಹಿರಿಯ ಗುರುಸಿದ್ದಯ್ಯ.

"ನಮ್ಮಕ್ಕನ ಬಾಯೂ ಮುಚ್ಚೋಯ್ತಲ್ಲ, ಅದ್ಕೇನಂತೀರಾ?"

ಚಿರತೆಯನ್ನು ದೂರದ ಕಾಡಿನಂಚಿನ ಒಂದು ಪ್ರಾಣಿಧಾಮಕ್ಕೆ ಸಾಗಿಸಿದರು. ಆ ಜಾಗದ ಹೆಸರನ್ನು ಅವಳು ಎರಡು ವರ್ಷ ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಳು.

ಕ್ಲಿನಿಕ್ಕಿನವರೆಲ್ಲ ಸೇರಿ ಅಲ್ಲಿಗೇ ಒಂದು ಭಾನುವಾರ ಟ್ರಿಪ್ಪು ಹೊರಟರು. "ಕರಿಚಿರತೆ ಇದ್ಯಂತೆ ಗಂಗಮ್ಮ, ಎಲ್ಲೂ ನೋಡೋಕ್ ಸಿಗಲ್ವಂತೆ, ನೀವೂ ಬನ್ನಿ," ಎಂದು ನರ್ಸ್ ಮಾಲಿನಿ ಕರೆದಳು. ಚಿಕ್ಕಗಂಗಮ್ಮ ಹಿಂದಿನ ದಿನವೇ ಕೋಳಿಯ ಈಲಿ, ಅಂದರೆ ಲಿವರ್, ತಂದು, ಅದರೊಳಗೆ ಇಲಿಪಾಷಾಣ ತುಂಬಿ, ಊಟದ ಡಬ್ಬಿಯಲ್ಲಿ ಮುಚ್ಚಿಟ್ಟಳು.

ಅಲ್ಲಿ ಜನವೆಲ್ಲ ಕರಿಚಿರತೆಯ ಮುಂದೆ ಮೊಬೈಲು ಎತ್ತಿಕೊಂಡು ನಿಂತಿದ್ದರು. ಇವಳು ಒಬ್ಬಳೇ ಒಂದೊಂದು ಆವರಣವನ್ನೂ ದಾಟಿ ಕೊನೆಯದಕ್ಕೆ ಬಂದಳು. ಹರಿದ ಕಿವಿ ಕಂಡಿತು. ತಂತಿಬೇಲಿಯ ಸಂದಿನಲ್ಲಿ ಕೈ ತೂರುವಷ್ಟು ಜಾಗವಿತ್ತು. ಡಬ್ಬಿಯ ಮುಚ್ಚಳಕ್ಕೆ ಬೆರಳು ಹಾಕಿದಳು.

"ಏನೂ ಹಾಕ್ಬಾರ್ದು ಕಣವ್ವ," ಎಂದಿತು ಹಿಂದಿನಿಂದ ಒಂದು ದನಿ. ಪ್ರಾಣಿಗಳನ್ನು ನೋಡಿಕೊಳ್ಳುವ ಪುಟ್ಟರಂಗಯ್ಯ, ಗುಬ್ಬಿ ಕಡೆಯವನು. "ನನ್ ಊಟದ ಡಬ್ಬಿ ಕಣಣ್ಣ," ಎಂದಳು. ಅವಳ ಮಾತಿನ ಧಾಟಿ ಕೇಳಿ ಊರು ವಿಚಾರಿಸಿದ. ಹೇಳಿದಳು. "ಹಂಗಾರೆ ಇವ್ನು ನಿಮ್ಮೂರೋನೇ," ಎಂದು ನಕ್ಕ. ಅವಳು ನಗಲಿಲ್ಲ.

"ಯಾವಾಗ ಕಾಡಿಗೆ ಬುಡ್ತೀರಾ?"

"ಬುಡೋದೆಲ್ಲಿ ಬಂತು? ಮನುಷ್ಯರ ಮೇಲೆ ಬಿದ್ದಿರೋನು. ಸಾಯೋಗಂಟ ಇಲ್ಲೇ."

"ಎಷ್ಟ್ ವರ್ಸ?"

"ಕಾಡಲ್ಲಾದ್ರೆ ಹತ್ತೋ ಹನ್ನೆರಡೋ. ಇಲ್ಲಿ ಡಾಕ್ಟ್ರು, ಔಷ್ದಿ, ಟೈಮಿಗ್ ಸರಿಯಾಗಿ ಮಾಂಸ. ಹದ್ನೆಂಟು, ಇಪ್ಪತ್ ವರ್ಸನೂ ಎಳೀತವೆ. ಬೇರೇವು ಹೊಂದ್ಕಂಡ್ವು, ಇವ್ನು ಮಾತ್ರ ಇಲ್ಲ. ಬೆಳಗಿಂದ ಸಂಜೆಗಂಟ ಹಿಂಗೇ."

ಆಗ ಅವಳು ಸರಿಯಾಗಿ ನೋಡಿದಳು. ಚಿರತೆ ಬೇಲಿಯ ಉದ್ದಕ್ಕೂ ನಡೆಯುತ್ತಿತ್ತು. ಮೂಲೆಗೆ ಹೋಗಿ ತಿರುಗಿ ಅದೇ ಹೆಜ್ಜೆಗಳ ಮೇಲೆ ವಾಪಸು ಬರುತ್ತಿತ್ತು. ಅದರ ಕಾಲ್ದಾರಿಯಲ್ಲಿ ಹುಲ್ಲು ಸತ್ತು ಮಣ್ಣು ನುಣ್ಣಗಾಗಿತ್ತು. ಬೇಲಿಯಾಚೆ ಕಾಡು ಕೂಗಳತೆಯಲ್ಲಿತ್ತು. ಪ್ರತಿ ಸಲ ತಿರುಗುವಾಗ ಅದು ಆ ಕಡೆ ಒಮ್ಮೆ ತಲೆಯೆತ್ತುತ್ತಿತ್ತು.

ಚಿಕ್ಕಗಂಗಮ್ಮ ಡಬ್ಬಿಯನ್ನು ಚೀಲದೊಳಗೆ ಹಾಕಿದಳು. ಈಲಿ ತಿಂದರೆ ಇದು ಅರ್ಧ ಗಂಟೆಯಲ್ಲಿ ಸತ್ತು ಪಾರಾಗಿಬಿಡುತ್ತದೆ ಅನ್ನಿಸಿತು. ಮಾಲಿನಿ ಹುಡುಕಿಕೊಂಡು ಬರುವವರೆಗೂ ಅಲ್ಲೇ ನಿಂತಿದ್ದಳು. ಮಾರನೆಯ ಬೆಳಿಗ್ಗೆ ವಿಷದ ಈಲಿಯನ್ನು ಸುಡಲು ಕಳಿಸುವ ಕ್ಲಿನಿಕ್ಕಿನ ಹಳದಿ ಕಸದ ಚೀಲಕ್ಕೆ ಸುರಿದು ಗಂಟು ಹಾಕಿದಳು.

ಆಮೇಲೆ ಪ್ರತಿ ವರ್ಷ ಅಕ್ಕನ ತಿಥಿ ಮುಗಿಸಿ ಅಲ್ಲಿಗೆ ಹೋಗತೊಡಗಿದಳು. "ಅಕ್ಕನ್ನ ಕೊಂದಿರೋ ಪ್ರಾಣಿನೇ ಕ್ಷಮಿಸಿಬಿಟ್ರಲ್ಲ, ದೊಡ್ಡ ಮನಸ್ಸು," ಎಂದು ವಿಷಯ ತಿಳಿದ ಮಾಲಿನಿ ಕಣ್ಣು ಒದ್ದೆ ಮಾಡಿಕೊಂಡಳು. ಚಿಕ್ಕಗಂಗಮ್ಮ ತಿದ್ದಲು ಹೋಗಲಿಲ್ಲ.

ಹೋದ ಬೇಸಿಗೆಯಲ್ಲಿ ಪುಟ್ಟರಂಗಯ್ಯನ ಫೋನು ಬಂತು. ಚಿರತೆ ಐದು ದಿನದಿಂದ ಮಾಂಸ ಮುಟ್ಟಿಲ್ಲ, ಎದ್ದು ನಿಲ್ಲುತ್ತಿಲ್ಲ.

"ಸಾಯಕ್ ಬುಡ್ಬೇಡಿ ಕಣಣ್ಣ! ಸೂಜಿನಾದ್ರೂ ಚುಚ್ಚುಸ್ರಿ, ಏನಾದ್ರೂ ಮಾಡ್ರಿ," ಎಂದು ಕಿರುಚಿದಳು. ಅವತ್ತೇ ರಜೆ ಹಾಕಿ ಗುಬ್ಬಿಯ ದೇವಸ್ಥಾನಕ್ಕೆ ಹೋಗಿ, ಅದು ಎದ್ದು ನಡೆದರೆ ನೂರೊಂದು ತೆಂಗಿನಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಳು. ಸ್ವಂತ ಮೈಗೆ ಕಾಯಿಲೆ ಬಂದಾಗಲೂ ಅವಳು ಹಾಗೆ ಬೇಡಿಕೊಂಡಿರಲಿಲ್ಲ.

ಚಿರತೆ ಉಳಿಯಿತು. ಕಾಯಿ ಒಡೆಸಿ, ಮುಂದಿನ ಭಾನುವಾರವೇ ಹೋದಳು. ಅದು ಸೊರಗಿತ್ತು; ಹಿಂಗಾಲು ಎಳೆಯುತ್ತಿತ್ತು. ಆದರೂ ಮೂಲೆಗೆ ಹೋಗಿ ತಿರುಗಿ ಬರುತ್ತಿತ್ತು.

ಚಿಕ್ಕಗಂಗಮ್ಮ ತಂತಿಗೆ ಮುಖವಿಟ್ಟು, "ನಡಿ," ಎಂದಳು. "ಇನ್ನೂ ನಡಿ."