ಎರಡು ಗಂಟೆಯ ಪಾರ್ಟಿ

ಮಿಕ್ಸಿ ಕೊಂಡಾಗ ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕ ಬರುತ್ತದಲ್ಲ, ಯಾರೂ ಬಿಚ್ಚಿಯೂ ನೋಡದಂಥದ್ದು, ಅದನ್ನು ಬರೆಯುವವಳು ನಮ್ಮ ಅಕ್ಕ. ಮಿಕ್ಸಿ ಒಂದೇ ಅಲ್ಲ. ನೀರಿನ ಫಿಲ್ಟರು, ಶಾಲೆಯ ಜಾಹೀರಾತು, ಅಂಗಡಿ ಉದ್ಘಾಟನೆಗೆ ಯಾರದೋ ಭಾಷಣ, ಯಾರು ಕೇಳಿದರೂ ಮನೆಯಲ್ಲೇ ಕೂತು ಬರೆದುಕೊಡುತ್ತಿದ್ದಳು. ಕಚೇರಿ ಇಲ್ಲ, ಸಾಹೇಬರಿಲ್ಲ, ಹಾಗಾಗಿ ರಜೆಯೂ ಇಲ್ಲ. ಫೋನು ಬಂದರೆ ಕೈಯಲ್ಲಿದ್ದ ತುತ್ತು ಕೈಯಲ್ಲೇ. ಒಂದು ಸಲ ಆಗುವುದಿಲ್ಲ ಅಂದರೆ ಮತ್ತೆ ಕರೆಯುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಅವಳಿಗೆ ನಿಜವಾಗಿ ಬರೆಯಬೇಕಾಗಿದ್ದದ್ದು ಒಂದು ಕಾದಂಬರಿ. ಅದು ಹನ್ನೊಂದು ವರ್ಷದಿಂದ ಮೂರನೇ ಅಧ್ಯಾಯದಲ್ಲೇ ಠಿಕಾಣಿ ಹೂಡಿತ್ತು. ಹೇಗೋ ಪುರುಸೊತ್ತು ಮಾಡಿಕೊಂಡು ಕೂತರೂ ಅಮ್ಮ ಬಿಡಬೇಕಲ್ಲ. ಕೆಲಸ ಕೊಡುವವರಿಗೆ ನಮ್ಮ ಮನೆಯಲ್ಲಿ 'ಪಾರ್ಟಿ' ಎಂದು ಹೆಸರು. ಪಾರ್ಟಿಯ ಕೆಲಸ ಅಂದರೆ ಅಮ್ಮ ತುದಿಗಾಲಲ್ಲಿ ಓಡಾಡುವಳು. ಕಾದಂಬರಿ ಅಂದರೆ ಅವಳ ಪಾಲಿಗೆ ಸುಮ್ಮನೆ ಕೂತ ಹಾಗೆ. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತಿದ್ದಳು. "ಖಾಲಿ ಇದ್ದೀಯಲ್ಲ, ಈ ಡಬ್ಬದ ಮುಚ್ಚಳ ತೆಗೆದುಕೊಡು." "ಖಾಲಿ ಇದ್ದೀಯಲ್ಲ, ಸೂಜಿಗೆ ದಾರ ಪೋಣಿಸಿಕೊಡು."

ಒಂದು ಸಂಜೆ ಅಕ್ಕ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ನಾನು ಬಸ್ ಡಿಪೋದ ಗುಮಾಸ್ತ, ಸುಳ್ಳು ರಜಾ ಅರ್ಜಿಗಳನ್ನು ದಿನವೂ ಓದುವವನು. ಉಪಾಯ ಹೊಳೆಯುವುದು ತಡವಾಗಲಿಲ್ಲ.

"ದಿನಾ ಎರಡರಿಂದ ನಾಲ್ಕು ಒಬ್ಬ ದೊಡ್ಡ ಪಾರ್ಟಿ ಜೊತೆ ಫೋನಲ್ಲಿ ಮೀಟಿಂಗ್ ಇದೆ ಅಂದ್ಬಿಡು," ಎಂದೆ.

"ಅಮ್ಮನಿಗೆ ಸುಳ್ಳು ಹೇಳೋದಾ?"

"ನೀನು ಹೇಳ್ಬೇಡ. ನಾನೇ ಹೇಳ್ತೀನಿ."

ಹೇಳಿದೆ. ಅವತ್ತಿನಿಂದ ಅಮ್ಮ ಆ ಬಾಗಿಲಿಗೆ ಕಾವಲು ಕೂತಳು. ಹೊರಗೆ ಕುರ್ಚಿ ಹಾಕಿಕೊಂಡು, ಅಂಚೆಯವನಿಗೂ ಪಕ್ಕದ ಮನೆಯವರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸುವಳು. "ಮೆಲ್ಲಗೆ ಮಾತಾಡಿ. ಒಳಗೆ ದೊಡ್ಡ ಪಾರ್ಟಿ." ಆ ಹೊತ್ತಿನಲ್ಲಿ ನಮ್ಮ ಮನೆಯ ಕುಕ್ಕರ್ ಕೂಡ ಕೂಗುವಂತಿರಲಿಲ್ಲ. ನಾವಿಬ್ಬರೂ ಅವಳ ಬೆನ್ನ ಹಿಂದೆ ನಕ್ಕಿದ್ದೇ ನಕ್ಕಿದ್ದು. ಆರು ತಿಂಗಳಲ್ಲಿ ಕಾದಂಬರಿ ಹತ್ತೊಂಬತ್ತನೇ ಅಧ್ಯಾಯ ಮುಟ್ಟಿತು. ಅಕ್ಕ ಹಾಡಿಕೊಂಡು ಪಾತ್ರೆ ತೊಳೆದದ್ದನ್ನು ನಾನು ಮೊದಲ ಸಲ ನೋಡಿದೆ.

ಆ ಬುಧವಾರ ನಾನು ಡಿಪೋದಲ್ಲಿದ್ದೆ. ನಡೆದದ್ದನ್ನು ಆಮೇಲೆ ಹೇಳಿದವನು ಎದುರಂಗಡಿಯ ದರ್ಜಿ. ಎರಡೂಕಾಲಿಗೆ ದಿಂಬಿನ ಕವರು ಹೊಲಿದು ತಂದಾಗ ಅಮ್ಮ ಆ ಕುರ್ಚಿಯಲ್ಲಿ ಎದೆ ಒತ್ತಿಕೊಂಡು ಕೂತಿದ್ದಳಂತೆ. ಮುಖವೆಲ್ಲ ಬೆವರು.

"ಮಗಳನ್ನ ಕರೀಲಾ ಅಮ್ಮ?" ಎಂದನಂತೆ.

"ಬೇಡಪ್ಪ, ಮೀಟಿಂಗ್ ನಡೀತಿದೆ. ಗ್ಯಾಸ್ಟ್ರಿಕ್ ಇರ್ಬೇಕು. ನಾಲ್ಕಕ್ಕೆ ಹೊರಗೆ ಬರ್ತಾಳಲ್ಲ."

ಒಂದು ಲೋಟ ನೀರು ತಂದುಕೊಟ್ಟು ಅವನು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಆ ಪಾರ್ಟಿಯನ್ನು ನಂಬಿದ್ದವನೇ.

ಒಳಗೆ ಅಕ್ಕನಿಗೆ ಅವತ್ತು ಬರವಣಿಗೆ ಸಲೀಸಾಗಿ ಸಾಗಿತ್ತಂತೆ, ನಾಲ್ಕು ದಾಟಿದ್ದೂ ತಿಳಿಯಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಬಾಗಿಲು ತೆರೆದಾಗ ಅಮ್ಮ ಕುರ್ಚಿಯಲ್ಲೇ ಇದ್ದಳು. ಮೈ ತಣ್ಣಗಾಗಿತ್ತು. ಅಕ್ಕನ ಮೇಜಿಗೂ ಆ ಕುರ್ಚಿಗೂ ನಡುವೆ ಒಂದು ಹಲಗೆಯ ಬಾಗಿಲು, ಅಷ್ಟೇ.

ಅಕ್ಕ ನನ್ನನ್ನು ದೂರಲಿಲ್ಲ. ಒಮ್ಮೆ ಮಾತ್ರ, ಬಟ್ಟೆ ಮಡಚುತ್ತಾ, "ನಾನು ಕತೆ ಬರೀತಿದ್ದೀನಿ ಅಂತ ಗೊತ್ತಿದ್ದಿದ್ರೆ ಬಾಗಿಲು ಬಡೀತಿದ್ಲು ಕಣೋ," ಎಂದಳು. ಬಡಿಯುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ನಾನು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಾ ಕೂತೆ.

ವಾರ ಕಳೆದ ಮೇಲೆ ನೆಂಟರೆಲ್ಲ ಸೇರಿದ್ದಾಗ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಅಕ್ಕನ ಎದುರು ನಿಂತಳು. ದುಃಖ ಬಂದರೆ ಯಾರ ಮೇಲಾದರೂ ಹರಿಹಾಯದೆ ಇರಲಾರದ ಹೆಂಗಸು ಅವಳು.

"ಅದ್ಯಾವ ದೊಡ್ಡ ಪಾರ್ಟಿನೇ ಅದು? ಅವನ ಮೀಟಿಂಗ್ ಕೆಡಬಾರ್ದು ಅಂತ ನಮ್ಮಕ್ಕ ಜೀವ ಬಿಟ್ಲು. ಒಂದ್ಸಲ ಬಂದು ಮುಖ ತೋರಿಸೋಕೂ ಆಗ್ಲಿಲ್ವಾ ಅವನಿಗೆ? ನಂಬರ್ ಕೊಡು, ನಾನು ಮಾತಾಡ್ತೀನಿ."

ಏನಾದರೂ ಒಂದು ಹೆಸರು ಹೇಳಿ ಪಾರಾಗಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಪಾರ್ಟಿ ಯಾರೂ ಇರ್ಲಿಲ್ಲ ಚಿಕ್ಕಮ್ಮ," ಎಂದಳು ಅಕ್ಕ. "ಒಳಗೆ ನಾನೊಬ್ಬಳೇ ಇದ್ದೆ. ಸುಳ್ಳು ಹೇಳಿದ್ದೂ ನಾನೇ."

ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ನಾನು ಗೇಟಿನ ತನಕ ಹೋಗಿ, ಅಕ್ಕನ ಪರವಾಗಿ ಎಲ್ಲರ ಕ್ಷಮೆ ಕೇಳಿ ಬಂದೆ.