ಹೆಂಗೂ ಹೋಗೋ ಭೂಮಿ

ಅಮೃತಾ ಗಂಗಾವತಿಯ ಬಾಡಿಗೆ ಕಚೇರಿಯೊಂದರಲ್ಲಿ ಕುಳಿತು, ತಾನು ಒಂದೇ ಸಲ ಕಂಡಿದ್ದ ಕರಾವಳಿಯ ಗದ್ದೆಗಳನ್ನು ಉಪಗ್ರಹದ ಚಿತ್ರಗಳಲ್ಲಿ ವರ್ಷ ವರ್ಷವೂ ಹೋಲಿಸಿ ನೋಡುತ್ತಿದ್ದಳು. ಹೊಳೆ ಸಮುದ್ರ ಸೇರುವಲ್ಲಿ ಉಪ್ಪುನೀರು ನುಗ್ಗಿ ಯಾವ ಗದ್ದೆ ಯಾವಾಗ ಬೀಳು ಬಿದ್ದೀತು ಎಂದು ಅಂದಾಜು ಮಾಡುವುದು ಅವಳ ಕೆಲಸ. ಕಾಲುವೆ ನೀರು ನಿಂತು ತವರಿನ ಹೊಲವೇ ಉಪ್ಪುಗಟ್ಟಿ ಸವಳಾದದ್ದನ್ನು ಕಂಡವಳು ಅವಳು. ನಕ್ಷೆಯಲ್ಲಿ ಅಪಾಯದ ಗದ್ದೆಗಳಿಗೆ ಕೆಂಪು ಬಣ್ಣ ತುಂಬುವಾಗ, ಇದನ್ನು ನೋಡಿಯಾದರೂ ಉಪ್ಪುನೀರು ತಡೆಯುವ ಒಡ್ಡು ಗಟ್ಟಿ ಮಾಡುತ್ತಾರೆಂದು ನಂಬಿದ್ದಳು.

ಆದದ್ದೇ ಬೇರೆ. ನಕ್ಷೆ ತರಿಸಿಕೊಂಡ ಸರ್ಕಾರಿ ಇಲಾಖೆಯವರು ಒಡ್ಡಿನ ದುರಸ್ತಿಯನ್ನೇ ಕೈಬಿಟ್ಟರು.

"ಹೆಂಗೂ ಹೋಗೋ ಭೂಮಿಗೆ ಯಾಕ ಖರ್ಚು ಅಂತಾರ ನೋಡವಾ," ಎಂದರು ಕಚೇರಿಯ ಮುಖ್ಯಸ್ಥ ಪಂಪಾಪತಿ.

ಅಮೃತಾ ನಕ್ಷೆಯ ಕೆಳಗಿನ ಟಿಪ್ಪಣಿಯನ್ನು ಬೆರಳಿಟ್ಟು ತೋರಿಸಿದಳು. "ಒಡ್ಡು ಹಾಕದಿದ್ರ ಹೋಗತೈತಿ ಅಂತ ಬರದೀನ್ರಿ ಸರ್. ಹಾಕಿದ್ರ ಉಳಿತೈತಿ."

"ಅದನ್ನ ಯಾರೂ ಓದಿಲ್ಲ."

ಉಳಿಯಬಹುದಾದ ಗದ್ದೆಗಳಿಗೆ ಹಸಿರು ತುಂಬಿ ಅವಳು ಇನ್ನೊಂದು ನಕ್ಷೆ ಕಳಿಸಿದಳು. ಫೋನು ಮಾಡಿ ನೆನಪಿಸಿದಳು. ಪ್ರತಿ ಸಲವೂ ಇಲಾಖೆಯ ಸಾಹೇಬರು ಮೀಟಿಂಗಿನಲ್ಲಿದ್ದರು.

ಮಳೆಗಾಲ ಮುಗಿದ ಮೇಲೆ ಬಂದ ಹೊಸ ಚಿತ್ರದಲ್ಲಿ ಒಡ್ಡು ಒಡೆದಿತ್ತು. ಅವಳು ಕೆಂಪು ತುಂಬಿದ್ದ ಗದ್ದೆಗಳಲ್ಲೆಲ್ಲ ನೀರು ನಿಂತಿತ್ತು.

"ನಿನ್ನ ಅಂದಾಜು ಕರೆಕ್ಟ್ ಬಂತು. ಇಲಾಖೆಯವರು ಭಾಳ ಖುಷಿ ಆಗ್ಯಾರ," ಎಂದರು ಪಂಪಾಪತಿ. "ಮುಂದಿನ ತಾಲ್ಲೂಕಿನ ಕೆಲಸನೂ ನಮಗ ಕೊಟ್ಟಾರ."

ಅಮೃತಾ ಹೊಸ ತಾಲ್ಲೂಕಿನ ಚಿತ್ರ ತೆರೆದು, ಈ ಸಲ ಉಳಿಸಬಹುದಾದ ಗದ್ದೆಗಳನ್ನೇ ಮೊದಲು ಗುರುತಿಸತೊಡಗಿದಳು. ಹೋಗುವ ಗದ್ದೆಗಳ ನಕ್ಷೆ ಕೇಳಿದವರಿಗೆಲ್ಲ "ಇನ್ನೂ ಆಗಿಲ್ರಿ" ಎಂದಳು.