ಸರ್ವಾಧಿಕಾರಿಗೆ ಬಾಂಬಿಟ್ಟ ನಮ್ಮ ಮನೆಯವರು

ನಮ್ಮ ಮನೆಯವರು ಸರ್ವಾಧಿಕಾರಿಯನ್ನು ಕೊಲ್ಲಲು ತಯಾರಿ ನಡೆಸಿದ್ದ ದಿನಗಳಲ್ಲಿ ನನ್ನ ಹಾಲು ಡೈರಿಯಿಂದ ವಾಪಸ್ ಬರುತ್ತಿತ್ತು. ಆ ಸರ್ವಾಧಿಕಾರಿಯೂ ಹಾಲು ವಾಪಸ್ ಕಳಿಸುತ್ತಿದ್ದವರೂ ಒಬ್ಬರೇ. ಊರಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಬಾಯಿಬಿಟ್ಟು ಹೇಳುತ್ತಿದ್ದವಳು ನಾನೊಬ್ಬಳೇ, ಹಾಲು ವಾಪಸ್ ಬರುತ್ತಿದ್ದದ್ದೂ ನನ್ನದೊಂದೇ.

ಮೊದಲು ಹಾಲಿನ ವಿಷಯ ಹೇಳುತ್ತೇನೆ. ನಮ್ಮೂರು ಕೆರಗೋಡಿನಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಎರಡು ಸೀಮೆಹಸು. ಬೆಳಿಗ್ಗೆ ಕರೆದು, ಕ್ಯಾನು ಹಿಡಿದು ಡೈರಿಯ ಮುಂದೆ ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸ. ಡೈರಿಯ ಮೇಜಿನ ಮೇಲೆ ಹಾಲು ನೋಡುವ ಮಿಷನ್ ಇದೆ. ಒಂದು ಲೋಟ ಹಾಲು ಹಿಡಿದರೆ ಅದರಲ್ಲಿ ಕೆಂಪು ಅಂಕಿ ಮೂಡುತ್ತದೆ, ಅದನ್ನು ಎಲ್ಲರೂ ಡಿಗ್ರಿ ಎನ್ನುತ್ತಾರೆ. ಡಿಗ್ರಿ ಬಂದರೆ ಹಾಲು ಒಳ್ಳೆಯದು, ಬರದಿದ್ದರೆ ನೀರು. ಆದರೆ ಆ ಮಿಷನ್ನಿನ ಮುಖ ಮೇಜಿನ ಹಿಂದೆ ಕೂತ ಡೈರಿ ಕಾರ್ಯದರ್ಶಿಯ ಕಡೆಗೆ, ಬೆನ್ನು ನಮ್ಮ ಕಡೆಗೆ. ಅವನು ನೋಡಿ ಏನು ಹೇಳಿದರೆ ಅದೇ ಡಿಗ್ರಿ. ದೇವರ ಗರ್ಭಗುಡಿಯಲ್ಲಾದರೂ ಪರದೆ ಸರಿಸಿ ಮುಖ ತೋರಿಸುತ್ತಾರೆ.

ವರ್ಷದ ಸಭೆಯಲ್ಲಿ ಡೈರಿ ಅಧ್ಯಕ್ಷರು "ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ" ಎಂದರು. ಅದು ಸಭೆ ಮುಗಿಯಿತು, ಊಟಕ್ಕೆ ಏಳಿ ಎಂದು ಹೇಳುವ ರೀತಿ. ನಾನು ಮಾತ್ರ ಎದ್ದು ನಿಂತು, "ಆ ಮಿಷನ್ನ ನಮ್ ಕಡೀಕೆ ತಿರುಗ್ಸಿ ಮಡಗಿ. ನಮ್ ಆಲು ಎಂಗದೆ ಅಂತ ನಾವೂ ನೋಡ್ಕತೀವಿ" ಎಂದೆ. ಯಾರೋ ಕೆಮ್ಮಿದರು. ಅಧ್ಯಕ್ಷರು ನಕ್ಕರು. ಆಮೇಲೆ ಎಲ್ಲರಿಗೂ ಪಲಾವ್ ಬಡಿಸಿದರು, ನನಗೂ ಬಡಿಸಿದರು. ಮಾರನೆಯ ದಿನದಿಂದ ನನ್ನ ಹಸುಗಳು ನೀರು ಕರೆಯತೊಡಗಿದವು.

"ಡಿಗ್ರಿ ಬರ್ನಿಲ್ಲ ಕಣಕ್ಕ, ತಕ್ಕೊಂಡೋಗು" ಎಂದ ಕಾರ್ಯದರ್ಶಿ, ಮಿಷನ್ನಿನ ಕಡೆ ನೋಡದೆಯೇ.

ನಷ್ಟದ ಮಾತು ಹಾಗಿರಲಿ. ಹಾಲಿಗೆ ನೀರು ಬೆರೆಸುವವಳು ಎಂದು ಹೆಸರು ಬಂತಲ್ಲ, ಅದು ನನ್ನನ್ನು ಸುಡುತ್ತಿತ್ತು. ನಮ್ಮ ಕಡೆ ಹೆಂಗಸಿಗೆ ಇದಕ್ಕಿಂತ ಕೆಟ್ಟ ಹೆಸರು ಬೇಕಿಲ್ಲ. ನನ್ನ ಅತ್ತೆ ಬದುಕಿದ್ದಾಗ ಕ್ಯಾನು ತೊಳೆದ ಮೇಲೆ ಬೋರಲು ಹಾಕಿ, ಒಂದು ತೊಟ್ಟು ನೀರೂ ಉಳಿಯದಂತೆ ಒಣಗಿಸಿ ಆಮೇಲೆ ಕರೆಯಲು ಕೂರುತ್ತಿದ್ದರು. ಅವರು ಕಲಿಸಿದ್ದನ್ನೇ ನಾನೂ ಮಾಡುತ್ತಿದ್ದೆ. ಈಗ ಸಾಲಿನಲ್ಲಿ ನಿಂತ ಹೆಂಗಸರು ನನ್ನ ಕ್ಯಾನಿನತ್ತ ಒಂದು ನಮೂನೆ ನೋಡುತ್ತಿದ್ದರು. ನನ್ನ ಹಾಲಿನಲ್ಲಿ ನೀರಿಲ್ಲ ಎಂದು ಎಲ್ಲರೆದುರು ಸಾಬೀತಾಗಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಈ ಅಧ್ಯಕ್ಷರನ್ನು ಊರೆಲ್ಲ ಅಣ್ಣ ಎನ್ನುತ್ತದೆ. ಅಕ್ಕಿ ಗಿರಣಿ ಅವರದು. ಡೈರಿ ಶುರುವಾದಾಗಿನಿಂದ ಅಧ್ಯಕ್ಷಗಿರಿಯೂ ಅವರದು, ಪ್ರತಿ ಸಲವೂ ಅವಿರೋಧ ಆಯ್ಕೆ. ವಿರೋಧ ಎಂದರೆ ಹೇಗಿರುತ್ತದೆ ಎಂದು ನಮ್ಮೂರಿನವರು ನೋಡಿಯೇ ಇರಲಿಲ್ಲ. ಅದನ್ನು ತೋರಿಸಲು ಮದ್ದೂರಿನಿಂದ ಒಬ್ಬರು ಬಂದರು.

ಅವರು ಮದುವೆ ವಿಡಿಯೋ ಮಾಡುವವರು. ಧಾರೆ, ಆರತಕ್ಷತೆ, ಸೀಮಂತ ಎಂದು ವರ್ಷವಿಡೀ ಹಿಡಿದು ಹಿಡಿದು ಬೇಸರ ಬಂದು, ಒಂದು ಗಟ್ಟಿಯಾದ ಸಿನಿಮಾ ಮಾಡಿ ಅಂತರ್ಜಾಲಕ್ಕೆ ಬಿಡುತ್ತೇನೆಂದು ಹೊರಟಿದ್ದರು. ಕಥೆ ಎರಡನೇ ಮಹಾಯುದ್ಧದ್ದು. ಜರ್ಮನಿಯ ಸರ್ವಾಧಿಕಾರಿಯನ್ನು ಅವನದೇ ಸೇನೆಯ ಅಧಿಕಾರಿಗಳು ಒಳಗೊಳಗೇ ಸೇರಿ ಮುಗಿಸಲು ನೋಡುತ್ತಾರೆ. ಒಬ್ಬ ಅಧಿಕಾರಿ ಚೀಲದಲ್ಲಿ ಬಾಂಬು ತಂದು ಸಭೆಯ ಮೇಜಿನ ಕೆಳಗಿಟ್ಟು ಹೊರಗೆ ಹೋಗುತ್ತಾನೆ. ಬಾಂಬು ಸಿಡಿಯುತ್ತದೆ, ಆದರೆ ಸರ್ವಾಧಿಕಾರಿ ಬದುಕಿಕೊಳ್ಳುತ್ತಾನೆ. ಅಷ್ಟು ದೂರ ಯಾಕೆ, ನಮ್ಮ ಮದ್ದೂರಿನ ಪಕ್ಕದಲ್ಲೇ ಸ್ವಾತಂತ್ರ್ಯ ಚಳವಳಿಯಲ್ಲಿ ಬಾವುಟ ಹಾರಿಸಿದವರ ಕಥೆ ಇದೆಯಲ್ಲ ಎಂದು ನಾನು ಕೇಳಿದೆ. "ಅದನ್ನ ಇಸ್ಕೂಲ್ ಮಕ್ಳು ವರ್ಸ ವರ್ಸ ಆಡ್ತವೆ ಬುಡಿ ಅಕ್ಕ" ಎಂದರು.

ಬಾಂಬಿಡುವ ಅಧಿಕಾರಿಯ ಪಾತ್ರಕ್ಕೆ ನಮ್ಮ ಮನೆಯವರನ್ನು ಆರಿಸಿದರು. ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತರಾದರೂ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ಹೆಸರು ಮಾಡಿದವರು. ಉಳಿದ ಸಂಚುಕೋರರೆಲ್ಲ ಅದೇ ನಾಟಕ ಮಂಡಳಿಯವರು, ಡೈರಿಗೆ ಹಾಲು ಹಾಕುವವರು. ಸರ್ವಾಧಿಕಾರಿ ಯಾರು ಎಂಬ ಪ್ರಶ್ನೆ ಏಳಲೇ ಇಲ್ಲ. ಚಿತ್ರೀಕರಣಕ್ಕೆ ಗಿರಣಿಯ ಗೋದಾಮು ಕೊಟ್ಟವರು ಅಣ್ಣ. "ಯಾವ್ ಪಾತ್ರ ಬಂದ್ರೆ ಎಲ್ರೂ ಎದ್ ನಿಂತ್ಕಂಡಾರು?" ಎಂದು ಕೇಳಿದರಂತೆ, ಸರ್ವಾಧಿಕಾರಿಯದು ಎಂದರಂತೆ, ಅದನ್ನೇ ತೆಗೆದುಕೊಂಡರು. ಅಲ್ಲಿಯೂ ಅವಿರೋಧ ಆಯ್ಕೆ.

ಸಮವಸ್ತ್ರ ಬಂದದ್ದು ಮಳವಳ್ಳಿಯಿಂದ, ಒಂದು ಮದುವೆ ಬ್ಯಾಂಡ್‌ಸೆಟ್‌ನವರ ಕೋಟುಗಳು. ಹೆಗಲಿಗೆ ಜರಿ, ಎದೆಗೆ ಹಿತ್ತಾಳೆ ಗುಂಡಿ. ಮನೆಯಲ್ಲಿ ಹೊಲಿಗೆ ಮಿಷನ್ ಇದ್ದದ್ದರಿಂದ ಅವನ್ನು ಅವರವರ ಹೊಟ್ಟೆಗೆ ಸರಿಹೊಂದಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಹೀಗಾಗಿ ಜರ್ಮನಿಯ ಪ್ರತಿರೋಧವನ್ನು ನಾನು ಸೂಜಿ ದಾರ ಹಿಡಿದು ಹತ್ತಿರದಿಂದ ನೋಡಿದೆ.

ಮೊದಲ ದಿನ ಸಂಚು ಹೂಡುವ ದೃಶ್ಯ. ಪಿಸುಮಾತಿನಲ್ಲಿ ಹೇಳಬೇಕು ಎಂದರು ಮದ್ದೂರಿನವರು. ನಮ್ಮವರಿಗೆ ಪಿಸುಮಾತು ಬಾರದು, ನಾಟಕದ ಅಭ್ಯಾಸ. "ಇಂದೇ ಆ ದುರುಳನನ್ನು ಸಂಹರಿಸುವೆನು" ಎಂದು ಗುಡುಗಿದ್ದು ಕೆರೆ ಏರಿಯ ಮೇಲಿದ್ದವರಿಗೂ ಕೇಳಿಸಿತು. ಜರ್ಮನಿಯಲ್ಲಿ ಹೀಗೆ ಸಂಚು ಹೂಡಿದ್ದರೆ ಬಾಂಬು ಬೇಕಿರಲಿಲ್ಲ, ಸರ್ವಾಧಿಕಾರಿ ಕಿವಿ ಒಡೆದೇ ಹೋಗುತ್ತಿದ್ದ. ಮದುವೆ ಹಿಡಿದು ರೂಢಿಯಾದ ಮದ್ದೂರಿನವರೋ, ಅಭ್ಯಾಸಬಲದಿಂದ ಸಂಚುಕೋರರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಎಲ್ರೂ ಇತ್ಲಾಗ್ ನೋಡಿ, ವಸಿ ನಗಿ" ಎಂದರು.

ಎರಡನೆಯ ದಿನ ಸಭೆಯ ದೃಶ್ಯ. ಗೋದಾಮಿನ ನಡುವೆ ಮೇಜು, ಮೇಜಿನ ಮೇಲೆ ಭೂಪಟ. ಸೇನಾಧಿಕಾರಿಗಳು ನಿಂತಿದ್ದಾರೆ. ಸರ್ವಾಧಿಕಾರಿ ಒಳಗೆ ಬರಬೇಕು, ಅವರು ಎದೆ ಸೆಟೆಸಿ ಹಿಮ್ಮಡಿ ಕುಟ್ಟಬೇಕು. ಅಣ್ಣ ಮೂಗಿನ ಕೆಳಗೆ ಚೂರು ಕಪ್ಪು ಅಂಟಿಸಿಕೊಂಡು ಒಳಗೆ ಬಂದರು. ಅಷ್ಟೂ ಜನ ಅಧಿಕಾರಿಗಳ ಕೈ ಒಂದೇ ಸಲ ತೊಡೆಗೆ ಹೋಯಿತು. ನನಗೆ ತಕ್ಷಣ ಅರ್ಥವಾಯಿತು, ಮದ್ದೂರಿನವರಿಗೂ ಆಯಿತು. ನಮ್ಮ ಕಡೆ ದೊಡ್ಡವರು ಎದುರಾದರೆ ಎತ್ತಿ ಕಟ್ಟಿದ ಪಂಚೆಯನ್ನು ಇಳಿಸಬೇಕು. ಇವರು ಪ್ಯಾಂಟಿನಲ್ಲಿದ್ದರು. ಇಲ್ಲದ ಪಂಚೆಯನ್ನು ಇಳಿಸಲು ಹುಡುಕಾಡುತ್ತಿದ್ದರು.

"ಕಟ್" ಎಂದರು. ಮತ್ತೆ ಮಾಡಿಸಿದರು. ಮತ್ತೆ ಕೈ ತೊಡೆಗೆ ಹೋಯಿತು. ಕೈಗಳನ್ನು ಹಿಂದೆ ಕಟ್ಟಿಕೊಳ್ಳಲು ಹೇಳಿದರೆ ಸೊಂಟ ಬಗ್ಗಿತು. ಕೊನೆಗೆ ಅಣ್ಣನನ್ನು ಹೊರಗೆ ಕೂರಿಸಿ, ಬಾಗಿಲಲ್ಲಿ ಒಂದು ಅಕ್ಕಿ ಮೂಟೆ ನಿಲ್ಲಿಸಿ ಆ ದೃಶ್ಯ ಮುಗಿಸಿದರು. ಅಕ್ಕಿ ಮೂಟೆಯ ಮುಂದೆ ನಮ್ಮವರು ಗಂಡುಗಲಿಗಳ ಹಾಗೆ ನಿಂತರು.

ಆಮೇಲೆ ಅಣ್ಣನನ್ನು ಮತ್ತೆ ಒಳಗೆ ಕರೆದು ಬಾಂಬಿನ ದೃಶ್ಯ. ನಮ್ಮ ಮನೆಯವರು ಕಚೇರಿಯ ಚರ್ಮದ ಚೀಲವನ್ನೇ ತಂದಿದ್ದರು. ಸರ್ವಾಧಿಕಾರಿಯ ಕಾಲಿನ ಹತ್ತಿರ ಇಟ್ಟು ಹೊರಡಬೇಕು. ಇಟ್ಟರು. ಎರಡು ಹೆಜ್ಜೆ ಹೋದರು. ತಿರುಗಿ ಬಂದು, ಬಗ್ಗಿ, ಚೀಲವನ್ನು ಮೇಜಿನ ಕಾಲಿನ ಆಚೆ ಸರಿಸಿದರು.

"ಯಾಕ್ ಸರಿಸಿದ್ರಿ ಸಾರ್?" ಎಂದರು ಮದ್ದೂರಿನವರು.

"ಅಣ್ಣನ ಕಾಲ್ಗೆ ತಾಕ್ತಾ ಇತ್ತು" ಎಂದರು ಇವರು.

ನಿಜವಾಗಿ ಆಗಿದ್ದೂ ಹಾಗೆಯೇ ಎಂದರು ಮದ್ದೂರಿನವರು. ಅಲ್ಲಿಯೂ ಸಭೆಯಲ್ಲಿದ್ದ ಯಾರೋ ಒಬ್ಬ ಚೀಲ ಅಡ್ಡವಾಗಿದೆ ಎಂದು ಮೇಜಿನ ಕಾಲಿನ ಆಚೆ ಸರಿಸಿದ್ದನಂತೆ, ಅದರಿಂದಲೇ ಸರ್ವಾಧಿಕಾರಿ ಉಳಿದುಕೊಂಡನಂತೆ. ಹಾಗಾದರೆ ಜರ್ಮನಿಯಲ್ಲೂ ನಮ್ಮ ಕಡೆಯವರೊಬ್ಬರು ಇದ್ದರು ಎಂದುಕೊಂಡೆ.

ಮಧ್ಯಾಹ್ನ ಎಲ್ಲರಿಗೂ ಕಾಫಿ ಕೊಟ್ಟೆ. ವಾಪಸ್ ಬಂದ ಹಾಲು ಮನೆ ತುಂಬ ಇತ್ತು, ಮೊಸರು, ತುಪ್ಪ, ಪಾಯಸ ತಿಂದು ನಮಗೆ ಸಾಕಾಗಿತ್ತು. ಅಣ್ಣ ಒಂದು ಲೋಟ ಕುಡಿದು, ಇನ್ನೊಂದು ಕೇಳಿ, ಬಾಯಿ ಚಪ್ಪರಿಸಿದರು.

"ಆಲು ಬೋ ಗಟ್ಟಿಯಾಗದೆ ಕಣವ್ವ. ಎಲ್ಲಿ ತರುಸ್ದೆ?"

"ನಮ್ಮನೇದೇ ಅಣ್ಣ" ಎಂದೆ. "ಬೆಳಿಗ್ಗೆ ನಿಮ್ ಡೈರೀಲಿ ನೀರು ಅಂತ ವಾಪಸ್ ಕಳಿಸಿದ್ರಲ್ಲ, ಅದೇ."

ಸಂಚುಕೋರರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡತೊಡಗಿದರು. ಯುರೋಪನ್ನು ಉಳಿಸಲು ಹೊರಟವರಲ್ಲಿ ಒಬ್ಬನಾದರೂ "ಹೌದು, ಗಟ್ಟಿಯಾಗಿದೆ" ಎನ್ನಲಿಲ್ಲ. ಅಣ್ಣ ಮಾತ್ರ ನಕ್ಕು, "ನಿನ್ ಬಾಯಿ ಜೋರು ಬುಡವ್ವ" ಎಂದು ಎರಡನೆಯ ಲೋಟವನ್ನೂ ಮುಗಿಸಿದರು. ನನ್ನ ಗಂಡ ನನ್ನ ಕಡೆ ಕಣ್ಣು ಬಿಟ್ಟರು. ಸರ್ವಾಧಿಕಾರಿಯ ಮೇಲೆ ಬಿಡಬೇಕೆಂದು ಮದ್ದೂರಿನವರು ಬೆಳಗಿನಿಂದ ಹೇಳಿಕೊಡುತ್ತಿದ್ದ ಕಣ್ಣು ಅದೇ.

ಮನೆಗೆ ಬಂದ ಮೇಲೆ, "ಒಂದ್ ಮಾತು ತೆಪ್ಪಾಯ್ತು ಅಂದ್ಬುಡಮ್ಮಿ" ಎಂದರು. "ನಾಳಿಂದ್ಲೇ ಆಲು ತಕ್ಕತಾರೆ. ನಾನು ಮಾತಾಡಿವ್ನಿ."

"ಏನ್ ತಪ್ಪು ಮಾಡಿವ್ನಿ ಅಂತ ಹೇಳ್ಲಿ?"

"ಅದೆಲ್ಲಾ ಅವ್ರೇನ್ ಕೇಳಕಿಲ್ಲ ಬುಡು."

ನಾನು ಹೇಳಲಿಲ್ಲ. ಸಿನಿಮಾದಲ್ಲಿ ಮಾತ್ರ ಎಲ್ಲರೂ ಹೇಳಿದರು. ನಿಜವಾದ ಕಥೆಯಲ್ಲಿ ಸಂಚುಕೋರರನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯುತ್ತಾರೆ. ತಮ್ಮ ಗೋದಾಮಿನಲ್ಲಿ ಗುಂಡು ಹಾರುವುದು ಶುಭವಲ್ಲ ಎಂದು ಅಣ್ಣ ಹಟ ಹಿಡಿದರು. ಆದ್ದರಿಂದ ನಮ್ಮೂರಿನ ಎರಡನೇ ಮಹಾಯುದ್ಧದಲ್ಲಿ ಸಂಚುಕೋರರು ತಪ್ಪಾಯ್ತು ಎಂದು ಸರ್ವಾಧಿಕಾರಿಯ ಕಾಲಿಗೆ ಬಿದ್ದರು, ಅವರು ತಲೆ ಸವರಿ ಎಬ್ಬಿಸಿದರು. ಆ ದೃಶ್ಯ ಒಂದೇ ಸಲಕ್ಕೆ ಸರಿಯಾಗಿ ಬಂತು.

ಮದ್ದೂರಿನ ಒಂದು ಕಲ್ಯಾಣ ಮಂಟಪದಲ್ಲಿ ಭಾನುವಾರ ಬೆಳಿಗ್ಗೆ ಸಿನಿಮಾ ತೋರಿಸಿದರು. ಜನ ಚಪ್ಪಾಳೆ ಹೊಡೆದರು. ಬಾಂಬು ಸಿಡಿದಾಗ ಮಳವಳ್ಳಿಯ ಬ್ಯಾಂಡ್‌ನವರು ತಮ್ಮ ಕೋಟುಗಳನ್ನು ಗುರುತಿಸಿ ಶಿಳ್ಳೆ ಹಾಕಿದರು. ನಮ್ಮ ಮನೆಯವರಿಗೆ ಶಾಲು ಹೊದಿಸಿ, ಇಂಥ ಎದೆಗಾರಿಕೆ ಎಲ್ಲಿಂದ ಬಂತು ಎಂದು ಕೇಳಿದರು. ಇವರು ತಲೆ ತಗ್ಗಿಸಿ, "ನಮ್ ಮಣ್ಣಲ್ಲೇ ಅದೆ" ಎಂದರು. ಆಮೇಲೆ ಅಣ್ಣ ಮೈಕು ಹಿಡಿದು ದಬ್ಬಾಳಿಕೆಯನ್ನು ಯಾರೂ ಸಹಿಸಿಕೊಳ್ಳಬಾರದು ಎಂದು ಬಹಳ ಹೊತ್ತು ಮಾತನಾಡಿದರು. ಕೇಳುತ್ತಾ ಕೇಳುತ್ತಾ ನನಗೆ ನಗು ಬರಬೇಕಿತ್ತು. ಬರಲಿಲ್ಲ, ಮೈ ಉರಿಯಿತು.

ಮಾರನೆಯ ದಿನ ಕ್ಯಾನು ಹಿಡಿದು ಡೈರಿಗೆ ಹೋದೆ. ಹಿಂದೆ ಮುಂದೆ ಅವೇ ಸೇನಾಧಿಕಾರಿಗಳು, ಪಂಚೆಯಲ್ಲಿ. ಕಾರ್ಯದರ್ಶಿ ಲೋಟದಲ್ಲಿ ಹಾಲು ಹಿಡಿದು, "ಡಿಗ್ರಿ ಬರ್ನಿಲ್ಲ ಕಣಕ್ಕ" ಎಂದ.

ನಾನು ಕ್ಯಾನು ಕೆಳಗಿಟ್ಟು, ಕೈ ಚಾಚಿ, ಮಿಷನ್ ಹಿಡಿದು ತಿರುಗಿಸಿದೆ. ಅದು ಅಷ್ಟೇನೂ ಭಾರವಿರಲಿಲ್ಲ. ಕೆಂಪು ಅಂಕಿ ಎಲ್ಲರಿಗೂ ಕಂಡಿತು. ಡಿಗ್ರಿ ಬಂದಿತ್ತು, ಬೇಕಾದ್ದಕ್ಕಿಂತ ಚೆನ್ನಾಗಿಯೇ ಬಂದಿತ್ತು.

"ಬಂದದೆಯಲ್ಲಪ್ಪ" ಎಂದೆ.

ಅವನು ಅಂಕಿ ನೋಡಿದ, ಸಾಲು ನೋಡಿದ. ಸಾಲಿನಲ್ಲಿ ಕತ್ತುಗಳೆಲ್ಲ ಉದ್ದವಾಗಿದ್ದವು. ಹಾಲು ಸುರಿದುಕೊಂಡ. ನಾನು ಖಾಲಿ ಕ್ಯಾನು ಹಿಡಿದು ಮನೆಗೆ ಬಂದು, ಹಿತ್ತಲಲ್ಲಿ ಹಸುವಿನ ಪಕ್ಕ ನಿಂತು ಅತ್ತುಬಿಟ್ಟೆ. ಖುಷಿಗೆ ಅತ್ತದ್ದು.

ಮರುದಿನ ಮಿಷನ್ನಿನ ಮುಖ ಮತ್ತೆ ಕಾರ್ಯದರ್ಶಿಯ ಕಡೆಗಿತ್ತು. ಮತ್ತೆ ತಿರುಗಿಸಿದೆ. ಅದರ ಮರುದಿನವೂ ಹಾಗೆಯೇ ಆಯಿತು. ಅವನು ತಿರುಗಿಸಿಡುವುದು, ನಾನು ಈ ಕಡೆ ತಿರುಗಿಸುವುದು, ಅದೇ ನಮ್ಮ ವ್ರತವಾಯಿತು. ಅಣ್ಣ ಕೆಲವು ದಿನ ಬಂದು ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅವರೆದುರಿಗೇ ತಿರುಗಿಸಿದೆ. ಪೇಪರು ಓದುತ್ತಾ ಕಾಣದವರ ಹಾಗೆ ಇದ್ದರು. ಸಾಲಿನವರು ನನಗೆ ಬಹಳ ಮರ್ಯಾದೆ ಕೊಡತೊಡಗಿದರು. "ನೀ ಮುಂದಕ್ ಬಾರಕ್ಕ" ಎಂದು ದಾರಿ ಬಿಡುತ್ತಿದ್ದರು. ಗೌರವ ಎಂದೇ ನಾನು ಸ್ವಲ್ಪ ದಿನ ಉಬ್ಬಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಾನು ಬರುವವರೆಗೆ ಯಾರೂ ಹಾಲು ಹಾಕುತ್ತಿರಲಿಲ್ಲ. ನಾನು ತಿರುಗಿಸಿದ ಮೇಲೆ ತಮ್ಮ ತಮ್ಮ ಡಿಗ್ರಿ ನೋಡಿಕೊಂಡು, ಸುರಿದು ಹೋಗುತ್ತಿದ್ದರು.

ಮೊನ್ನೆ ಮೊನ್ನೆ ನನಗೆ ಚಳಿಜ್ವರ ಬಂತು. ಕ್ಯಾನನ್ನು ನಮ್ಮ ಮನೆಯವರೇ ಹಿಡಿದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕ್ಯಾನು ಅಲ್ಲೇ ಬಿಟ್ಟು ತಿರುಗಿ ಬಂದು, ಮಂಚದ ಪಕ್ಕ ನಿಂತರು.

"ವಸಿ ಎದ್ದೇಳಮ್ಮಿ. ಬಂದು ತಿರುಗ್ಸ್‌ಬುಟ್ಟು ಆಮೇಕ್ ಮಲಿಕ್ಕೊ. ಎಲ್ರೂ ಕಾಯ್ತಾವ್ರೆ."

"ನೀವೇ ತಿರುಗ್ಸಿ" ಎಂದೆ.

"ಅಣ್ಣ ಅಲ್ಲೇ ಕುಂತವ್ರೆ" ಎಂದರು.

ನಾನು ಕಂಬಳಿ ಎಳೆದುಕೊಂಡು ಆ ಕಡೆ ಹೊರಳಿದೆ. ಅವರು ಹೊರಟುಹೋದರು. ಮತ್ತೆ ಬಂದಾಗ ಕೈಯಲ್ಲಿ ಕ್ಯಾನಿತ್ತು, ನೆಲಕ್ಕಿಟ್ಟ ಸದ್ದಿನಿಂದಲೇ ತುಂಬಿದೆ ಎಂದು ಗೊತ್ತಾಯಿತು.

"ಡಿಗ್ರಿ ಬರ್ನಿಲ್ವಂತೆ" ಎಂದರು.

"ನೀವು ನೋಡಿದ್ರಾ?" ಎಂದು ಕೇಳಿದೆ.

"ಅವ್ನು ಯೋಳ್ದ" ಎಂದರು.